ಸೂರು ಕೇಳುವ ಆ್ಯಪ್, ಹೆಸರು ಕೇಳುವ ಆ್ಯಪ್: ಕೊಡಗಿನ ಮನೆಗೆ ಯಾವ ಫ್ಯಾಮಿಲಿ ಪ್ಲಾನ್ ಹೊಂದುತ್ತದೆ?

ಜುಲೈ ತಿಂಗಳು, ಮೂರು ದಿನದಿಂದ ಬಿಡದ ಮಳೆ. ನಾಪೋಕ್ಲು ಕಡೆಯ ತೋಟದ ಮನೆಯಿಂದ ಅಮ್ಮನ ಫೋನ್ ಬಂತು. "ಈ ಟಿವಿ ನಾವು ಮನೆಯವರೇ ಅಲ್ಲ ಅಂತಿದೆಯಲ್ಲ, ಏನು ಮಾಡೋದು?"

ಮೊದಲು ನಗು ಬಂತು. ಆಮೇಲೆ ವಿಷಯ ಗೊತ್ತಾಯಿತು. ಆ ಟಿವಿಯಲ್ಲಿ ಸಿನಿಮಾ, ಧಾರಾವಾಹಿ ನೋಡುವ ಆ್ಯಪ್‌ಗೆ ತಿಂಗಳು ತಿಂಗಳು ದುಡ್ಡು ಕಟ್ಟುವುದು ನಾನು, ಇರುವುದು ಮಡಿಕೇರಿಯಲ್ಲಿ. ನೋಡುವುದು ಅಮ್ಮ, ಇರುವುದು ತೋಟದಲ್ಲಿ. ನಡುವೆ ಮುಕ್ಕಾಲು ಗಂಟೆಯ ದಾರಿ. ಆ್ಯಪ್‌ನ ಲೆಕ್ಕದಲ್ಲಿ ನಾವು ಎರಡು ಮನೆ. ಯಾವ ಆ್ಯಪ್ ಅನ್ನೋದು ಬೇಡ, ಇಂಥ ನಿಯಮ ಒಬ್ಬರದ್ದೇ ಅಲ್ಲ.

ಮದುವೆ ಮನೆಯಲ್ಲಿ ಸಿಕ್ಕವರು, ಸಂತೆಯಲ್ಲಿ ಸಿಕ್ಕವರು, ಎಲ್ಲರೂ ಈಗ ಇದನ್ನೇ ಕೇಳುತ್ತಾರೆ. ನಮಗೆ ಯಾವ ಫ್ಯಾಮಿಲಿ ಪ್ಲಾನ್ ಸರಿ? ಕಾಫಿ ದುಡ್ಡು ಕೈಗೆ ಬರುವ ಫೆಬ್ರವರಿ, ಮಾರ್ಚ್‌ನಲ್ಲಂತೂ ಇನ್ನೂ ಜಾಸ್ತಿ. ಅವರಿಗೆ ಬೇಕಾದದ್ದು ಬೆಲೆ. ನಾನು ತಿರುಗಿ ಕೇಳುವ ಪ್ರಶ್ನೆ ಬೇರೆ. ನಿಮ್ಮ ಮನೆಯವರು ರಾತ್ರಿ ಎಲ್ಲೆಲ್ಲಿ ಮಲಗುತ್ತಾರೆ?

ಸುಮ್ನೆ ಕೇಳುವುದಲ್ಲ. ನಮ್ಮ ಕಡೆ ಮನೆ ಅನ್ನುವ ಮಾತಿಗೆ ಗೋಡೆ ಕಡಿಮೆ. ಕೊಡವರಿಗೆ ಒಕ್ಕ ಇದೆ, ಅಂದರೆ ಒಂದೇ ಮನೆಹೆಸರಿನ ದೊಡ್ಡ ಕುಟುಂಬ; ಐನ್‌ಮನೆ ಇದೆ, ಅಂದರೆ ಆ ಕುಟುಂಬದ ಮೂಲಮನೆ. ಅರೆಭಾಷೆ ಗೌಡರಿಗೂ ಐನ್‌ಮನೆ, ಕುಟುಂಬದ ಹೆಸರು ಇದೆ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬವನ್ನೇ ನೋಡಿ. ಬೆಂಗಳೂರಿನಿಂದ ಬಂದವನೂ ತೋಟದಲ್ಲೇ ಇರುವವನೂ ಒಂದೇ ಮನೆಹೆಸರಿನಲ್ಲಿ ಆಡುತ್ತಾರೆ. ನಿನ್ನ ವೈಫೈ ಯಾವುದು ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ಹಾಗೆ ನೋಡಿದರೆ ಇವತ್ತಿನ ಕೊಡಗಿನ ಸಾಮಾನ್ಯ ಸಂಸಾರ ಹೀಗಿದೆ: ಅಪ್ಪ ಅಮ್ಮ ತೋಟದಲ್ಲಿ, ಒಬ್ಬರು ಮಡಿಕೇರಿ ಅಥವಾ ಕುಶಾಲನಗರದಲ್ಲಿ, ಒಬ್ಬಳು ಬೆಂಗಳೂರಿನ ಪಿಜಿಯಲ್ಲಿ, ಒಬ್ಬ ಸೈನ್ಯದಲ್ಲಿ. ನಮ್ಮದೂ ಹಾಗೇ.

ಕಂಪನಿಗಳಿಗೆ ಇದು ಅರ್ಥವಾಗುವುದು ಕಷ್ಟ. ಹೆಚ್ಚಿನವರ ಫ್ಯಾಮಿಲಿ ಅಂದರೆ ಒಂದು ಸೂರು, ಒಂದು ವೈಫೈ.

ಏನನ್ನು ನೋಡಬೇಕು

ಹಾಗಾಗಿ ನನ್ನ ಮೊದಲ ಅಳತೆ ಇದು. ಸೇವೆ ಯಾವುದನ್ನು ಕುಟುಂಬ ಅನ್ನುತ್ತದೆ? ನನಗೆ ಕಂಡಂತೆ ಮೂರು ಬಗೆ ಇವೆ. ಕೆಲವು ಸೂರು ಕೇಳುತ್ತವೆ, ಎಲ್ಲರೂ ಒಂದೇ ವಿಳಾಸದಲ್ಲಿ ಇರಬೇಕು. ಕೆಲವು ಹೆಸರು ಕೇಳುತ್ತವೆ, ಯಾರು ಅಂತ ಹೇಳಿದರೆ ಸಾಕು, ಎಲ್ಲಿದ್ದರೂ ಸರಿ. ಇನ್ನು ಕೆಲವು ಬರೀ ಎಣಿಸುತ್ತವೆ, ಇಷ್ಟು ಟಿವಿ, ಇಷ್ಟು ಫೋನ್, ಅಷ್ಟೆ.

ಎರಡನೆಯದು, ಒಳಗೆ ಬಂದ ಮೇಲೆ ಒಬ್ಬೊಬ್ಬರಿಗೂ ತಮ್ಮದೇ ಬಾಗಿಲು ಇದೆಯೇ? ಅಣ್ಣ ಏನು ಕೊಂಡ, ತಂಗಿ ಏನು ನೋಡಿದಳು ಅನ್ನೋದು ಎಲ್ಲರಿಗೂ ಕಾಣುವಂತಿದ್ದರೆ ಅದು ಹಂಚಿಕೆಯಲ್ಲ, ಇಣುಕುವಿಕೆ.

ಮೂರನೆಯದು, ಬಿಟ್ಟು ಹೋಗುವುದು ಎಷ್ಟು ಸುಲಭ? ಮದುವೆಯಾಗಿ ಹೋಗುತ್ತಾರೆ, ಜಗಳವಾಡಿ ಹೋಗುತ್ತಾರೆ, ತೀರಿಹೋಗುತ್ತಾರೆ. ಇದನ್ನು ಪ್ಲಾನ್ ಕೊಳ್ಳುವಾಗ ಯಾರೂ ಯೋಚಿಸುವುದಿಲ್ಲ.

ಇದರ ಜತೆಗೆ ಇಲ್ಲಿನದೇ ಒಂದು ತೊಂದರೆ ಇದೆ. ಮಳೆಗಾಲದಲ್ಲಿ ಮರ ಬಿದ್ದರೆ ಕರೆಂಟ್ ಹೋಗುತ್ತದೆ, ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತದೆ. ಒಟಿಪಿ ಬರದ ಮನೆಗೆ ಒಟಿಪಿ ಕೇಳುವ ಸೇವೆ ಕೊಟ್ಟರೆ ಏನು ಪ್ರಯೋಜನ? ಬೆಲೆ ನನ್ನ ಪಟ್ಟಿಯಲ್ಲಿ ಕೊನೆಗೆ ಬರುತ್ತದೆ. ಅದು ಆಗಾಗ ಬದಲಾಗುತ್ತದೆ ಕೂಡ, ಕಟ್ಟುವ ಮೊದಲು ಒಮ್ಮೆ ನೋಡಿಕೊಳ್ಳಿ.

ಟಿವಿ ಮುಂದಿನ ಜಗಳ

ನೆಟ್‌ಫ್ಲಿಕ್ಸ್ ಸೂರು ಕೇಳುವ ಜಾತಿ. ಪ್ರೀತಿ ಅಂದರೆ ಪಾಸ್‌ವರ್ಡ್ ಹಂಚುವುದು ಅಂತ 2017ರಲ್ಲಿ ಟ್ವೀಟ್ ಮಾಡಿದ್ದ ಕಂಪನಿಯೇ ಇದು. 2023ರ ಜುಲೈ 20ರಂದು ಭಾರತದಲ್ಲೂ ಆ ಪ್ರೀತಿ ಮುಗಿಯಿತು. ಒಂದು ಖಾತೆ ಒಂದು ಮನೆಯಲ್ಲಿ ಇರುವವರಿಗೆ ಮಾತ್ರ ಅಂತ ಹೇಳಿಬಿಟ್ಟರು. ಬೇರೆ ಕೆಲವು ದೇಶಗಳಲ್ಲಿ ಜಾಸ್ತಿ ದುಡ್ಡು ಕೊಟ್ಟು ಹೊರಗಿನ ಒಬ್ಬರನ್ನು ಸೇರಿಸಬಹುದು. ಇಲ್ಲಿ ಆ ದಾರಿಯನ್ನು ಕೊಡಲಿಲ್ಲ. ಯಾವುದು ಮನೆ ಅಂತ ತಿಳಿಯಲು ಇಂಟರ್ನೆಟ್ ವಿಳಾಸ, ಸಾಧನದ ಗುರುತು, ಖಾತೆ ಬಳಸುವ ರೀತಿ, ಇವನ್ನು ನೋಡುತ್ತಾರೆ. ಫೈಬರ್ ಬಾರದ ತೋಟದಲ್ಲಿ ಟಿವಿ ಓಡುವುದು ಫೋನಿನ ಹಾಟ್‌ಸ್ಪಾಟ್ ಮೇಲೆ. ಇವತ್ತು ಅಪ್ಪನ ಫೋನು, ನಾಳೆ ಕೆಲಸದ ಹುಡುಗನ ಫೋನು. ಅಂಥ ಮನೆಯನ್ನು ಹೀಗೆ ಗುರುತಿಸುವುದು ಹೇಗೆ ಅಂತ ನೀವೇ ಹೇಳಿ.

ಹಾಗಂತ ಬೇಡವೇ ಬೇಡ ಅನ್ನಲಾರೆ. 2021ರ ಡಿಸೆಂಬರ್‌ನಲ್ಲಿ ಬೆಲೆ ಇಳಿಸಿದಾಗ ಮೊಬೈಲ್ ಪ್ಲಾನ್ ತಿಂಗಳಿಗೆ 149 ರೂಪಾಯಿ, ಬೇಸಿಕ್ 199, ಸ್ಟ್ಯಾಂಡರ್ಡ್ 499, ಪ್ರೀಮಿಯಂ 649 ಆಯಿತು. ಒಂದೇ ಸಲಕ್ಕೆ ನೋಡಲು ಆಗುವ ಪರದೆ ಮೊದಲ ಎರಡರಲ್ಲಿ ಒಂದು, ಸ್ಟ್ಯಾಂಡರ್ಡ್‌ನಲ್ಲಿ ಎರಡು, ಪ್ರೀಮಿಯಂನಲ್ಲಿ ನಾಲ್ಕು. ಎಲ್ಲರೂ ದೊಡ್ಡ ಪ್ಲಾನ್‌ಗೆ ಕೈ ಹಾಕುತ್ತಾರೆ. ಆದರೆ ಮನೆ ಎರಡು ಕಡೆ ಹರಿದಿದ್ದರೆ ಚಿಕ್ಕ ಪ್ಲಾನ್ ಎರಡು ಕೊಳ್ಳುವುದು ಲೇಸು. ತೋಟದ ಟಿವಿಗೆ ಬೇಸಿಕ್, ಪಿಜಿಯ ಮಗಳ ಫೋನಿಗೆ ಮೊಬೈಲ್, ಒಟ್ಟು 348 ರೂಪಾಯಿ. ಸ್ಟ್ಯಾಂಡರ್ಡ್‌ಗಿಂತ 151 ರೂಪಾಯಿ ಕಡಿಮೆ, ಯಾರೂ ಯಾರನ್ನೂ ಹೊರಗೆ ಹಾಕುವುದಿಲ್ಲ. ಮಗಳು ಇಷ್ಟು ದಿನ ನೋಡಿದ್ದೆಲ್ಲ ಹೋಗುತ್ತದೆ ಅನ್ನುವ ಹೆದರಿಕೆ ಬೇಡ. ಅವಳ ಪ್ರೊಫೈಲನ್ನು ಹೊಸ ಖಾತೆಗೆ ಸಾಗಿಸಬಹುದು. ಬೇಸಿಕ್‌ನಲ್ಲಿ ಚಿತ್ರ ಅಷ್ಟು ಚೊಕ್ಕವಿರುವುದಿಲ್ಲ, ನಿಜ. ಹಾಟ್‌ಸ್ಪಾಟ್‌ನಲ್ಲಿ ನೋಡುವ ಮನೆಗೆ ಅದು ವರವೇ, ಡೇಟಾ ಉಳಿಯುತ್ತದೆ.

ಎಲ್ಲರೂ ಒಂದೇ ಸೂರಿನಡಿ ಮಲಗುವ ಕುಟುಂಬಕ್ಕೆ ಮಾತ್ರ 649ರದ್ದು ಹೊಂದುತ್ತದೆ.

ಅಮೆಜಾನ್ ಪ್ರೈಮ್ ಎಣಿಸುವ ಜಾತಿ. 2025ರ ಜನವರಿಯಿಂದ ಭಾರತದಲ್ಲಿ ಒಂದು ಸದಸ್ಯತ್ವಕ್ಕೆ 5 ಸಾಧನ, ಅದರಲ್ಲಿ ಟಿವಿ 2 ಮಾತ್ರ. ಟಿವಿ ಎರಡೇ ಅಂತ ಗೊಣಗಿದವರು ಬಹಳ. ನಮ್ಮಂಥವರಿಗೆ ಇದು ಲಾಭವೇ ಅನಿಸಿತು ನನಗೆ. ತೋಟದಲ್ಲೊಂದು ಟಿವಿ, ಮಡಿಕೇರಿಯಲ್ಲೊಂದು ಟಿವಿ, ಉಳಿದ ಮೂವರಿಗೆ ಫೋನು. ಲೆಕ್ಕ ಸರಿಹೋಯಿತು. ವರ್ಷಕ್ಕೆ 1499 ರೂಪಾಯಿ, ಕಾಫಿ ಮಾರಿದಾಗ ಒಮ್ಮೆ ಕಟ್ಟಿಬಿಟ್ಟರೆ ಆಯಿತು. 2025ರ ಜೂನ್‌ನಿಂದ ನಡುನಡುವೆ ಜಾಹೀರಾತು ಬರುತ್ತದೆ, ಬೇಡ ಅಂದರೆ ಬೇರೆ ದುಡ್ಡು.

ಇದರ ಕೆಡುಕು ಬೇರೆ ಕಡೆ ಇದೆ. ಪ್ರೈಮ್‌ನ ಪಾಸ್‌ವರ್ಡ್ ಅಂದರೆ ಅಂಗಡಿಯ ಪಾಸ್‌ವರ್ಡ್ ಕೂಡ. ನೀವು ಏನು ತರಿಸಿದಿರಿ, ಎಲ್ಲಿಗೆ ತರಿಸಿದಿರಿ, ಯಾವ ಕಾರ್ಡು, ಎಲ್ಲ ಅದರೊಳಗೇ. ನನ್ನ ಹೆಂಡತಿಯ ಹುಟ್ಟುಹಬ್ಬಕ್ಕೆ ತರಿಸಿದ್ದನ್ನು ಅವಳೇ ಮೊದಲು ನೋಡಿದ್ದಳು. ಅದಕ್ಕೇ ಪಾಸ್‌ವರ್ಡ್ ಯಾರಿಗೂ ಕೊಡಬೇಡಿ. ಟಿವಿಯ ಮೇಲೆ ಬರುವ ಕೋಡನ್ನು ನಿಮ್ಮ ಫೋನಿನಲ್ಲಿ ಹಾಕಿದರೆ ಟಿವಿ ತೆರೆದುಕೊಳ್ಳುತ್ತದೆ, ಪಾಸ್‌ವರ್ಡ್ ನಿಮ್ಮಲ್ಲೇ ಉಳಿಯುತ್ತದೆ.

ಜಿಯೋಹಾಟ್‌ಸ್ಟಾರ್ ಕೂಡ ಎಣಿಸುತ್ತದೆ. 2025ರ ಫೆಬ್ರವರಿ 14ರಂದು ಎರಡು ಆ್ಯಪ್ ಸೇರಿ ಒಂದಾದ ಮೇಲೆ ಕಲರ್ಸ್ ಕನ್ನಡವೂ ಸ್ಟಾರ್ ಸುವರ್ಣವೂ ಒಂದೇ ಕಡೆ ಸಿಗುತ್ತವೆ. ಅಮ್ಮನ ಮಟ್ಟಿಗೆ ಇದಕ್ಕಿಂತ ದೊಡ್ಡ ಸುದ್ದಿ ಆ ವರ್ಷ ಇರಲಿಲ್ಲ. ಮೊಬೈಲ್ ಪ್ಲಾನ್‌ಗೆ ಒಂದು ಫೋನ್, ಸೂಪರ್‌ಗೆ ಎರಡು ಸಾಧನ, ಪ್ರೀಮಿಯಂಗೆ ನಾಲ್ಕು. ಒಬ್ಬಳು ಅಮ್ಮ, ಒಂದು ಟಿವಿ ಅಂದರೆ ಸೂಪರ್ ಸಾಕು.

ಆದರೆ ಒಳಗೆ ಹೋಗುವುದು ಮೊಬೈಲ್ ನಂಬರ್ ಮತ್ತು ಒಟಿಪಿ ಮೂಲಕ. ನಂಬರ್ ನನ್ನದಾದರೆ ಒಟಿಪಿ ನನಗೆ ಬರುತ್ತದೆ, ನಾನು ಫೋನ್ ಮಾಡಿ ಅಮ್ಮನಿಗೆ ಹೇಳಬೇಕು. ನಂಬರ್ ಅಮ್ಮನದಾದರೆ ನಾನು ಫೋನ್ ಮಾಡಿ, "ಅಮ್ಮಾ, ಒಂದು ನಂಬರ್ ಬಂದಿರಬೇಕು ನೋಡು, ಓದಿ ಹೇಳು" ಅನ್ನಬೇಕು. ಈ ಎರಡನೆಯದನ್ನು ಮಾತ್ರ ಮಾಡಬೇಡಿ. ಮಗನೇ ಕೇಳಿದರೂ ಅದು ಕೆಟ್ಟ ಅಭ್ಯಾಸ. ವಯಸ್ಸಾದವರಿಗೆ ಫೋನಿನಲ್ಲಿ ಒಟಿಪಿ ಓದಿ ಹೇಳುವುದನ್ನು ನಾವೇ ಕಲಿಸಿದರೆ, ಮುಂದೆ ಬ್ಯಾಂಕಿನವನು ಅಂತ ಸುಳ್ಳು ಹೇಳಿ ಫೋನ್ ಮಾಡುವವನಿಗೆ ಕೆಲಸ ಸುಲಭ. ಈ ಒಂದು ಕಾರಣಕ್ಕೇ ತೋಟದ ಟಿವಿಯ ಖಾತೆ ಅಮ್ಮನ ನಂಬರಿನಲ್ಲೇ ಇರಲಿ, ಒಟಿಪಿ ಅವರೇ ನೋಡಿ ಅವರೇ ಹಾಕಲಿ, ದುಡ್ಡು ಮಾತ್ರ ನಾನು ಕಟ್ಟುತ್ತೇನೆ ಅಂತ ತೀರ್ಮಾನಿಸಿದೆ.

ಜೀ ಕನ್ನಡಕ್ಕೆ ಜೀ5, ಉದಯಕ್ಕೆ ಸನ್ ನೆಕ್ಸ್ಟ್ ಇವೆ. ಧಾರಾವಾಹಿ ಯಾವ ಚಾನೆಲ್‌ನದ್ದು ಅನ್ನುವುದೇ ಅಲ್ಲಿ ತೀರ್ಮಾನ, ಹೋಲಿಸಲು ಜಾಸ್ತಿ ಏನಿಲ್ಲ.

ಯೂಟ್ಯೂಬ್ ಪ್ರೀಮಿಯಂ ಬಗ್ಗೆ ಮಾತ್ರ ಒಂದು ತಮಾಷೆಯ ಲೆಕ್ಕ ಇದೆ. 2024ರ ಆಗಸ್ಟ್‌ನಲ್ಲಿ ಬೆಲೆ ಏರಿದ ಮೇಲೆ ಒಬ್ಬರಿಗೆ ತಿಂಗಳಿಗೆ 149, ಫ್ಯಾಮಿಲಿಗೆ 299. ಫ್ಯಾಮಿಲಿಯಲ್ಲಿ ನಿಮ್ಮ ಜತೆ ಐದು ಮಂದಿ ಸೇರಬಹುದು. ಆದರೆ 13 ವರ್ಷ ದಾಟಿರಬೇಕು, ಎಲ್ಲರೂ ಒಂದೇ ಮನೆಯಲ್ಲಿ ಇರಬೇಕು, 30 ದಿನಕ್ಕೊಮ್ಮೆ ಅದನ್ನು ಅವರೇ ಪರೀಕ್ಷಿಸುತ್ತಾರೆ. ಅಪ್ಪ ಅಮ್ಮ ತೋಟದಲ್ಲಿ, ಮಗ ಬೆಂಗಳೂರಿನಲ್ಲಿ ಅಂದರೆ ಬೇರೆ ಬೇರೆ ಎರಡು ಕೊಂಡರೆ 298 ಆಗುತ್ತದೆ. ಒಂದು ರೂಪಾಯಿ ಕಡಿಮೆ, ನಿಯಮ ಮುರಿಯುವ ಗೋಜೂ ಇಲ್ಲ! ಕಾಲೇಜು ಹುಡುಗರಿಗೆ 89 ರೂಪಾಯಿಯದ್ದು ಬೇರೆ ಇದೆ. ಮೂವರು, ನಾಲ್ವರು ಒಂದೇ ಮನೆಯಲ್ಲಿದ್ದರೆ ಮಾತ್ರ ಫ್ಯಾಮಿಲಿ ಅಗ್ಗ. ಕರೆಂಟ್ ಹೋದ ಸಂಜೆಗೆ ಮೊದಲೇ ಫೋನಿಗೆ ಇಳಿಸಿಟ್ಟುಕೊಂಡ ವಿಡಿಯೋ ಎಷ್ಟು ಉಪಕಾರಿ ಅಂತ ಇಲ್ಲಿನವರಿಗೆ ಹೇಳಬೇಕಿಲ್ಲ ಅಲ್ವಾ.

ಹೋಮ್‌ಸ್ಟೇ ನಡೆಸುವವರಿಗೆ ಒಂದು ಮಾತು. ನಿಮ್ಮ ಮನೆಯ ನೆಟ್‌ಫ್ಲಿಕ್ಸ್ ಖಾತೆಯನ್ನು ಅತಿಥಿಗಳ ಕೋಣೆಯ ಟಿವಿಗೆ ಹಾಕಬೇಡಿ. ಅದು ಸ್ವಂತ ಬಳಕೆಗೆ ಕೊಟ್ಟದ್ದು, ವ್ಯಾಪಾರಕ್ಕಲ್ಲ. ಅತಿಥಿಗಳು ತಮ್ಮದೇ ಖಾತೆ ಹಾಕಿಕೊಂಡು ಹಾಗೇ ಬಿಟ್ಟು ಹೋಗುವುದೂ ಉಂಟು. ಹಾಸಿಗೆ ಬಟ್ಟೆ ಬದಲಿಸುವಾಗ ಟಿವಿಯಲ್ಲಿ ಸೈನ್ ಔಟ್ ಮಾಡುವುದನ್ನೂ ಅದೇ ಕೆಲಸಕ್ಕೆ ಸೇರಿಸಿಕೊಳ್ಳಿ.

ಫೋಟೋ, ಕಾಗದ, ನೆನಪು

ಟಿವಿ ಹೋದರೆ ಒಂದು ಸಂಜೆ ಬೇಸರ. ಇದು ಹಾಗಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದಾಗ ಮನೆಯ ಜತೆ ಆಲ್ಬಂ, ಅಂಕಪಟ್ಟಿ, ಜಮೀನಿನ ಕಾಗದ ಎಲ್ಲ ಮಣ್ಣು ಪಾಲಾದವರಿದ್ದಾರೆ. ಅದಾದ ಮೇಲೆ ನಾನು ಬೇರೆಲ್ಲದಕ್ಕಿಂತ ಇದಕ್ಕೆ ಹೆಚ್ಚು ಗಮನ ಕೊಡುತ್ತೇನೆ. ಅದೃಷ್ಟಕ್ಕೆ, ಹೆಸರು ಕೇಳುವ ಸೇವೆಗಳು ಸಿಗುವುದು ಈ ವಿಷಯದಲ್ಲೇ.

ಫೋಟೋ, ಕಾಗದಗಳನ್ನು ಇಂಟರ್ನೆಟ್‌ನಲ್ಲಿ ಇಡಲು ಜಾಗ ಕೊಡುವ ಗೂಗಲ್ ಒನ್ ತೆಗೆದುಕೊಳ್ಳಿ. ಗೂಗಲ್‌ನ ಫ್ಯಾಮಿಲಿ ಗುಂಪಿನಲ್ಲಿ ಮ್ಯಾನೇಜರ್ ಸೇರಿ 6 ಮಂದಿ. ಎಲ್ಲರೂ ಒಂದೇ ದೇಶದಲ್ಲಿ ಇದ್ದರೆ ಸಾಕು. ಅದೇ ಕಂಪನಿಯ ಯೂಟ್ಯೂಬ್ ಒಂದೇ ಮನೆ ಬೇಕು ಅನ್ನುತ್ತದೆ, ಇದು ಅನ್ನುವುದಿಲ್ಲ. ಪ್ರತಿಯೊಬ್ಬರಿಗೂ ಉಚಿತವಾಗಿ ಬರುವ 15 ಜಿಬಿ ಅವರವರದ್ದೇ. ಅದು ತುಂಬಿದ ಮೇಲೆ ಕೊಂಡ ಜಾಗವನ್ನು ಎಲ್ಲರೂ ಹಂಚಿಕೊಳ್ಳುತ್ತಾರೆ. ನಾವು ಸೇರಿದಾಗ 100 ಜಿಬಿಗೆ ವರ್ಷಕ್ಕೆ 1300 ರೂಪಾಯಿ ಇತ್ತು. ಜಾಗ ಒಂದೇ ಆದರೂ ಒಬ್ಬರ ಫೋಟೋ ಇನ್ನೊಬ್ಬರಿಗೆ ಕಾಣುವುದಿಲ್ಲ. ನಮ್ಮ ಹಳೆಯ ಮನೆಗಳ ಅಟ್ಟದ ಹಾಗೆ: ಅಟ್ಟ ಎಲ್ಲರದ್ದು, ಪೆಟ್ಟಿಗೆಯ ಬೀಗದ ಕೈ ಅವರವರ ಹತ್ತಿರ.

ಅಟ್ಟದ ತೊಂದರೆಯೂ ಇಲ್ಲಿದೆ. ಒಬ್ಬರು ಜಾಸ್ತಿ ತುಂಬಿದರೆ ಎಲ್ಲರಿಗೂ ಜಾಗ ಮುಗಿಯುತ್ತದೆ. ನಮ್ಮ ತಮ್ಮ ಎಲ್ಲಿ ಪೋಸ್ಟಿಂಗ್ ಆದರೂ ಬೆಟ್ಟದ ವಿಡಿಯೋ ತೆಗೆಯುತ್ತಾನೆ. ಅವನಿಂದಾಗಿ ಒಮ್ಮೆ ನನ್ನ ಹೆಂಡತಿಗೆ ಇಮೇಲ್ ಬರುವುದೇ ನಿಂತಿತು. ಯಾರು ಎಷ್ಟು ಬಳಸುತ್ತಿದ್ದಾರೆ ಅನ್ನುವುದು ಮ್ಯಾನೇಜರ್‌ಗೆ ಕಾಣುತ್ತದೆ, ಹಾಗಾಗಿ ಬಯ್ಯುವುದು ಸುಲಭ.

ಇನ್ನೊಂದು ನಿಯಮ ನಮ್ಮಲ್ಲಿ ಚರ್ಚೆಗೆ ಬಂತು. ಒಬ್ಬರು ಒಂದು ಕುಟುಂಬದಲ್ಲಿ ಮಾತ್ರ ಇರಬಹುದು, ಕುಟುಂಬ ಬದಲಿಸುವುದು 12 ತಿಂಗಳಿಗೆ ಒಮ್ಮೆ ಮಾತ್ರ. ತಂಗಿಗೆ ಮದುವೆ ಗೊತ್ತಾಗುತ್ತಿದೆ. ಮದುವೆಯಾದ ಮೇಲೆ ಅವಳು ಗಂಡನ ಮನೆಯ ಗುಂಪಿಗೆ ಹೋದರೆ ಒಂದು ವರ್ಷ ತವರಿನ ಗುಂಪಿಗೆ ವಾಪಸ್ ಬರುವ ಹಾಗಿಲ್ಲ. ಅಮ್ಮ ಇದನ್ನು ಕೇಳಿ, ನಮ್ಮ ಕಾಲದಲ್ಲೂ ಇಷ್ಟು ಕಟ್ಟುನಿಟ್ಟು ಇರಲಿಲ್ಲ ಅಂದರು.

ಆ್ಯಪಲ್ ಫೋನು ಇರುವ ಮನೆಗೆ ಅದರದೇ ಫ್ಯಾಮಿಲಿ ಶೇರಿಂಗ್. ಅಲ್ಲೂ 6 ಮಂದಿ, ಐಕ್ಲೌಡ್ ಜಾಗ ಹಂಚಬಹುದು, ಫೋಟೋ ಅವರವರದ್ದೇ. ಎಚ್ಚರ ಇರಬೇಕಾದ್ದು ಒಂದು ವಿಷಯಕ್ಕೆ. ಖರೀದಿ ಹಂಚಿಕೆ ಆನ್ ಮಾಡಿದರೆ ಮನೆಯವರ ಖರ್ಚು ಗುಂಪು ಮಾಡಿದವರ ಕಾರ್ಡಿನಿಂದ ಹೋಗಬಹುದು. ಮಕ್ಕಳು ಕೊಳ್ಳುವ ಮುಂಚೆ ದೊಡ್ಡವರನ್ನು ಕೇಳುವಂತೆ ಮಾಡುವ ಸೌಲಭ್ಯ ಇದೆ, ಅದನ್ನು ಮೊದಲು ಹಾಕಿ. ಮನೆಯಲ್ಲಿ ಅರ್ಧ ಮಂದಿಗೆ ಆ್ಯಪಲ್, ಅರ್ಧ ಮಂದಿಗೆ ಆ್ಯಂಡ್ರಾಯ್ಡ್ ಅಂದರೆ ಇದನ್ನು ಬಿಟ್ಟು ಗೂಗಲ್ ಕಡೆ ಹೋಗುವುದೇ ನೆಮ್ಮದಿ.

ಮೈಕ್ರೋಸಾಫ್ಟ್ 365 ಫ್ಯಾಮಿಲಿ ಸ್ವಲ್ಪ ಬೇರೆ. ಅದರಲ್ಲೂ 6 ಮಂದಿ, ಆದರೆ ಒಬ್ಬೊಬ್ಬರಿಗೂ ಬೇರೆಯೇ 1 ಟಿಬಿ. ಅಟ್ಟದ ಜಗಳವೇ ಇಲ್ಲ. ವರ್ಡ್, ಎಕ್ಸೆಲ್ ಕೂಡ ಬರುತ್ತವೆ. ತೋಟದ ಲೆಕ್ಕ ಎಕ್ಸೆಲ್‌ನಲ್ಲಿ ಇಡುವವರು, ಕಾಲೇಜಿನ ಮಕ್ಕಳು ಇದ್ದರೆ ಇದು ದುಬಾರಿ ಅನಿಸುವುದಿಲ್ಲ. ಬರೀ ಫೋನಿನ ಫೋಟೋಗೆ ಅಂತಾದರೆ ಇಷ್ಟು ದೊಡ್ಡದು ಬೇಡ.

ಏನೂ ಕೊಳ್ಳದೆ ವಾಟ್ಸ್ಆ್ಯಪ್ ಗುಂಪಿನಲ್ಲೇ ಎಲ್ಲ ಫೋಟೋ ಇಟ್ಟುಕೊಂಡವರೇ ಜಾಸ್ತಿ. ಗುಂಪಿಗೆ 1024 ಮಂದಿ ಸೇರಬಹುದು, ದೊಡ್ಡ ಒಕ್ಕಕ್ಕೂ ಸಾಕು. ಸುದ್ದಿಗೆ, ನಗುವಿಗೆ ಅದು ಸರಿ. ಆದರೆ ಕಳಿಸುವಾಗ ಫೋಟೋ ಸಣ್ಣದಾಗುತ್ತದೆ, ಫೋನ್ ನೀರಿಗೆ ಬಿದ್ದರೆ ಎಷ್ಟು ಉಳಿಯುತ್ತದೆ ಅನ್ನುವುದು ಬ್ಯಾಕಪ್ ಮೇಲೆ ನಿಂತಿದೆ. ಅಜ್ಜನ ಕಾಲದ ಫೋಟೋವನ್ನು ಅದರ ಮೇಲೆ ನಂಬಿ ಇಡಬೇಡಿ.

ದುಡ್ಡು ಹಂಚುವುದು

ಎಷ್ಟೋ ಮನೆಗಳಲ್ಲಿ ಅಪ್ಪನ ಫೋನಿನ ಯುಪಿಐ ಪಿನ್ ಮನೆಮಂದಿಗೆಲ್ಲ ಗೊತ್ತು. ಕೆಲವು ಕಡೆ ತೋಟದ ಲೆಕ್ಕ ಬರೆಯುವ ರೈಟರ್‌ಗೂ ಗೊತ್ತು. ಏನಾದರೂ ಹೆಚ್ಚುಕಡಿಮೆ ಆದರೆ ಇದು ಕುತ್ತಿಗೆಗೆ ಬರುತ್ತದೆ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ, ಪಿನ್‌ನಂಥದ್ದನ್ನು ನೀವೇ ಹೇಳಿಕೊಟ್ಟು ದುಡ್ಡು ಹೋದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದೇ.

ಪಿನ್ ಕೊಡುವುದರ ಬದಲು ಯುಪಿಐ ಸರ್ಕಲ್ ನೋಡಿ. 2024ರ ಆಗಸ್ಟ್‌ನಲ್ಲಿ ಬಂದದ್ದು. ಬ್ಯಾಂಕ್ ಖಾತೆ ಇರುವ ಒಬ್ಬರು ಐದು ಮಂದಿಯವರೆಗೆ ಸೇರಿಸಬಹುದು, ಸೇರಿದವರಿಗೆ ಸ್ವಂತ ಖಾತೆ ಇರಲೇಬೇಕೆಂದಿಲ್ಲ. ಎರಡು ದಾರಿ ಇವೆ. ಪೂರ್ತಿ ಬಿಟ್ಟುಕೊಟ್ಟರೆ ಅವರೇ ಕೊಡಬಹುದು, ಒಂದು ಸಲಕ್ಕೆ 5,000, ತಿಂಗಳಿಗೆ 15,000 ರೂಪಾಯಿಯ ಮಿತಿ. ಅರ್ಧ ಬಿಟ್ಟುಕೊಟ್ಟರೆ ಅವರು ಶುರು ಮಾಡುತ್ತಾರೆ, ನೀವು ನಿಮ್ಮ ಫೋನಿನಲ್ಲಿ ಪಿನ್ ಹಾಕಿದ ಮೇಲೆ ದುಡ್ಡು ಹೋಗುತ್ತದೆ.

ಪಿಜಿಯಲ್ಲಿರುವ ಮಗಳಿಗೆ ಮೊದಲನೆಯದು. ಊಟಕ್ಕೂ ಬಸ್ಸಿಗೂ ಅಪ್ಪನ ಒಪ್ಪಿಗೆಗೆ ಕಾಯುವಂತಾದರೆ ಅವಳೇ ಬಿಟ್ಟುಬಿಡುತ್ತಾಳೆ. ಮೋಸದ ಕರೆಗೆ ಹೆದರುವ ಅಜ್ಜಿಗೆ ಎರಡನೆಯದು ಅಂತ ಎಲ್ಲರೂ ಹೇಳುತ್ತಾರೆ. ನನಗೆ ಇಲ್ಲಿ ಅನುಮಾನ ಇದೆ. ಅಜ್ಜಿ ನಾಪೋಕ್ಲುವಿನ ಮೆಡಿಕಲ್ ಶಾಪಿನಲ್ಲಿ ನಿಂತಿದ್ದಾರೆ, ಒಪ್ಪಿಗೆ ಕೊಡಬೇಕಾದ ಮಗ ನೆಟ್‌ವರ್ಕ್ ಇಲ್ಲದ ಕಣದಲ್ಲಿ ಕಾಫಿ ಹರವುತ್ತಿದ್ದಾನೆ. ಆಗೇನು? ಅಂಥವರಿಗೆ ಚಿಕ್ಕ ಮಿತಿ ಹಾಕಿ ಪೂರ್ತಿ ಬಿಟ್ಟುಕೊಡುವುದೇ ಒಳ್ಳೆಯದು. ತಿಂಗಳಿಗೆ 3,000 ಅಂತ ಇಟ್ಟರೆ ಹೋದರೂ ಅಷ್ಟೇ ಹೋಗುತ್ತದೆ. ನೆನಪಿರಲಿ, ಒಬ್ಬರನ್ನು ಒಬ್ಬರೇ ಸೇರಿಸಿಕೊಳ್ಳಬಹುದು. ಅಜ್ಜಿಗೆ ಮಗನೂ ಮಗಳೂ ಇಬ್ಬರೂ ಕೊಡುವಂತಿಲ್ಲ.

ತಿಂಗಳಿಗೆ 15,000ಕ್ಕಿಂತ ಜಾಸ್ತಿ ಓಡಾಡುವ ಮನೆಗೆ, ಅಂದರೆ ಕೆಲಸದವರ ಕೂಲಿ, ಗೊಬ್ಬರ ಎಲ್ಲ ಒಬ್ಬರೇ ನೋಡಿಕೊಳ್ಳುವ ತೋಟಕ್ಕೆ ಇದು ಸಾಲದು. ಅದಕ್ಕೆ ಹಳೆಯ ಜಂಟಿ ಖಾತೆಯೇ ಸೈ, ಇಬ್ಬರಲ್ಲಿ ಯಾರಾದರೂ ವ್ಯವಹರಿಸಬಹುದು ಅನ್ನುವ ಷರತ್ತಿನದ್ದು.

ಒಂದು ಮನೆಗೆ ಒಂದೇ ಫೋನು

ಇದುವರೆಗೆ ಹೇಳಿದ್ದೆಲ್ಲ ಆಳಿಗೊಂದು ಫೋನ್ ಇರುವವರ ಮಾತು. ತೋಟದ ಕೆಲಸದವರು ಇರುವ ಲೈನ್‌ಮನೆಯ ಕತೆ ಬೇರೆ, ನಾಲ್ಕೈದು ಮಂದಿಗೆ ಒಂದು ಸ್ಮಾರ್ಟ್‌ಫೋನ್. ಇದನ್ನು ಸರ್ಕಾರಿ ಸೇವೆಗಳೇ ಚೆನ್ನಾಗಿ ಅರ್ಥ ಮಾಡಿಕೊಂಡಿವೆ. ಲಸಿಕೆಗೆ ಹೆಸರು ಬರೆಸುವಾಗ ಕೋವಿನ್‌ನಲ್ಲಿ ಒಂದು ನಂಬರಿಗೆ 4 ಮಂದಿ ಇದ್ದದ್ದನ್ನು 2022ರ ಜನವರಿಯಲ್ಲಿ 6ಕ್ಕೆ ಏರಿಸಿದರು. ಆಧಾರ್‌ಗೂ ಮನೆಮಂದಿಯೆಲ್ಲ ಒಂದೇ ನಂಬರ್ ಕೊಡಬಹುದು, ಆಧಾರ್ ಆ್ಯಪ್‌ನಲ್ಲಿ 5 ಮಂದಿಯ ವಿವರ ಇಟ್ಟುಕೊಳ್ಳಬಹುದು. ಆದರೆ ಆ ನಂಬರ್ ಯಾರ ಹೆಸರಿನಲ್ಲಿದೆ ಅನ್ನುವುದು ಮುಖ್ಯ. ಕೆಲಸ ಬಿಟ್ಟು ಹೋಗುವ ಮಗನ ನಂಬರಾದರೆ, ಅವನ ಜತೆ ಅಮ್ಮನ ಒಟಿಪಿಯೂ ಬಸ್ ಹತ್ತುತ್ತದೆ. ಊರಲ್ಲೇ ಉಳಿಯುವವರ ನಂಬರ್ ಕೊಡಿ, ರೀಚಾರ್ಜ್ ತಪ್ಪಿಸಬೇಡಿ.

ಪಟ್ಟೆದಾರ ಯಾರು?

ಒಕ್ಕದಲ್ಲಿ ಎಲ್ಲರಿಗಿಂತ ಹಿರಿಯರೇ ಪಟ್ಟೆದಾರ, ಅಂದರೆ ಯಜಮಾನ. ಆ್ಯಪ್‌ಗಳ ವಿಷಯದಲ್ಲಿ ಹಾಗೆ ಮಾಡಬೇಡಿ. ಗುಂಪಿನ ಮ್ಯಾನೇಜರ್ ಹೋದರೆ ಗುಂಪೇ ತೊಡಕಿಗೆ ಬೀಳುತ್ತದೆ. ನೆಟ್‌ವರ್ಕ್ ಇರುವ ಕಡೆ ಕೂತಿರುವ, ಬಿಲ್ಲಿನ ಮೆಸೇಜ್ ಓದುವ ಒಬ್ಬರು ಆಗಲಿ. ನಮ್ಮಲ್ಲಿ ಅದು ನನ್ನ ಹೆಂಡತಿ.

ಹಿರಿಯರ ಖಾತೆಗೆ ಇನ್ನೊಂದು ಕೆಲಸ ಇದೆ, ಮಾತನಾಡಲು ಮುಜುಗರವಾದರೂ ಮಾಡಲೇಬೇಕು. ಗೂಗಲ್‌ನಲ್ಲಿ 2013ರಿಂದ ಒಂದು ಸೌಲಭ್ಯ ಇದೆ. ಖಾತೆ 3ರಿಂದ 18 ತಿಂಗಳವರೆಗೆ, ನೀವು ಹೇಳಿದಷ್ಟು ಕಾಲ ಬಳಕೆಯಾಗದಿದ್ದರೆ, ನೀವು ಹೆಸರಿಸಿದ 10 ಮಂದಿಯವರೆಗೆ ಸುದ್ದಿ ಹೋಗುತ್ತದೆ, ಫೋಟೋ ತೆಗೆದುಕೊಳ್ಳಲು ದಾರಿ ಸಿಗುತ್ತದೆ. ಎರಡು ವರ್ಷ ಮುಟ್ಟದ ಖಾತೆಯನ್ನು ಗೂಗಲ್ ಅಳಿಸಿಹಾಕಬಹುದು. ಆ್ಯಪಲ್‌ನಲ್ಲೂ 2021ರ ಕೊನೆಯಿಂದ ಲೆಗಸಿ ಕಾಂಟ್ಯಾಕ್ಟ್ ಇದೆ, ಅಲ್ಲಿ ಒಂದು ಕೀ ಮತ್ತು ಮರಣ ಪ್ರಮಾಣಪತ್ರ ಬೇಕು. ಹೆಸರು ಕೇಳುವ ಸೇವೆಗಳ ಮೇಲೆ ನನಗೆ ಗೌರವ ಬಂದದ್ದು ಇಲ್ಲಿ. ಸೂರು ಕೇಳುವವರಿಗೆ ಈ ಪ್ರಶ್ನೆಯೇ ಹೊಳೆಯುವುದಿಲ್ಲ.

ಇದನ್ನೆಲ್ಲ ಫೋನಿನಲ್ಲಿ ಹೇಳಿಕೊಟ್ಟು ಮಾಡಿಸಲು ಹೋಗಬೇಡಿ. ನಾವು ಸುಗ್ಗಿಯ ಹಬ್ಬ ಪುತ್ತರಿಗೆ ಎಲ್ಲರೂ ಸೇರಿದಾಗ, ಕದಿರು ತೆಗೆದ ಮಾರನೆಯ ಬೆಳಿಗ್ಗೆ ಕೂತು ಮಾಡಿದೆವು. ಎಲ್ಲರ ಫೋನೂ ಅಲ್ಲೇ, ಒಟಿಪಿ ಬಂದವರು ಅವರೇ ಹಾಕಿದರು.

ಆಗ ಲೆಕ್ಕ ತಪ್ಪಿತು. ಗೂಗಲ್ ಕೊಡುವುದು 6 ಜಾಗ, ನಾವು 7 ಮಂದಿ. ಅಪ್ಪ, ಅಮ್ಮ, ನಾನು, ಹೆಂಡತಿ, ತಂಗಿ, ತಮ್ಮ, ಮತ್ತೆ 11 ವರ್ಷದ ಮಗ. 13ರ ಒಳಗಿನ ಮಕ್ಕಳ ಖಾತೆಯನ್ನು ದೊಡ್ಡವರು ನೋಡಿಕೊಳ್ಳಬೇಕಾದ್ದರಿಂದ ಅವನು ಗುಂಪಿನಲ್ಲಿ ಇರಲೇಬೇಕು. ತಂಗಿ ಮದುವೆಯಾಗಿ ಹೋಗುವವಳು ಅಂತ ತಮ್ಮ ಬಾಯಿಬಿಟ್ಟ. ಅವಳು ಸುಮ್ಮನಿರುತ್ತಾಳಾ?

ಅಪ್ಪ ಕನ್ನಡಕ ಏರಿಸಿ, ನನ್ನ ಫೋನಿನಲ್ಲಿ ಎಷ್ಟು ತುಂಬಿದೆ ನೋಡು ಅಂದರು. 15ರಲ್ಲಿ 2 ಜಿಬಿ. ಅದರಲ್ಲಿ ಹೆಚ್ಚಿನದು ಅವರ ಮಳೆ ಲೆಕ್ಕದ ಪುಸ್ತಕದ ಫೋಟೋಗಳು, ದಿನಕ್ಕೆ ಎಷ್ಟು ಇಂಚು, ಎಷ್ಟು ಸೆಂಟ್ (ಇಂಚಿನ ನೂರನೇ ಪಾಲು) ಅಂತ ಬರೆದದ್ದು. "ನನಗೆ ಜಾಗ ಬೇಡ. ಇಷ್ಟರಲ್ಲಿ ಇನ್ನೂ ಇಪ್ಪತ್ತು ಮಳೆಗಾಲ ಹಿಡಿಯುತ್ತದೆ" ಅಂದರು. ಆ ಫೋಟೋಗಳನ್ನು ಅಮ್ಮನಿಗೂ ನನಗೂ ಹಂಚಿ, ಬಳಕೆ ನಿಂತರೆ ಯಾರಿಗೆ ಸುದ್ದಿ ಹೋಗಬೇಕು ಅನ್ನುವಲ್ಲಿ ತಂಗಿಯ ಹೆಸರು ಹಾಕಿಸಿ, ಮಳೆ ಅಳೆಯಲು ಎದ್ದು ಹೋದರು.